ಬೆಳಿಗ್ಗೆ ಓದಿದ ಟೆಕ್ ಸುದ್ದಿಯಲ್ಲಿ ನಮ್ಮ ಸರ್ವರಿಗೆ ತಾಗುವುದು ಎಷ್ಟು?

ಪ್ರಶ್ನೆ: ಉಡುಪಿಯ ಒಂದು ಸೌಹಾರ್ದ ಸಹಕಾರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ವಿಭಾಗ ಅಂದರೆ ನಾನೊಬ್ಬನೇ. ಮುಖ್ಯ ಕಚೇರಿಯಲ್ಲಿ ಎರಡು ಸರ್ವರ್, ಆರು ಶಾಖೆ, ಐವತ್ತರಷ್ಟು ಕಂಪ್ಯೂಟರ್. ದಿನಾ ಬೆಳಿಗ್ಗೆ ಮೊಬೈಲ್ ತೆರೆದರೆ ಒಂದಲ್ಲ ಒಂದು ಭಯ. ಹೊಸ ದೋಷ ಸಿಕ್ಕಿದೆ, ಇವತ್ತೇ ಪ್ಯಾಚ್ (ದೋಷ ಮುಚ್ಚುವ ಅಪ್‌ಡೇಟ್) ಮಾಡಿ ಅಂತಾರೆ. ಹಳೇ ಟೂಲ್ ಬಿಡಿ, ಹೊಸದು ಕಲಿಯಿರಿ ಅಂತಾರೆ. ಎಐ ಬಂತು, ನಿಮ್ಮ ಕೆಲಸ ಹೋಯಿತು ಅಂತಾರೆ. ಇದರಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು? ಯಾವ ಟೂಲ್ ಕಲಿತರೆ ಉಪಯೋಗ?
– ಓದುಗ, ಕುಂಜಿಬೆಟ್ಟು

ಉತ್ತರ: ಐವತ್ತರಷ್ಟು ಅಂದಿರಿ. ಸರಿಯಾಗಿ ಎಷ್ಟು? ನಲವತ್ತಾರೋ, ಐವತ್ತಮೂರೋ? ಅದರಲ್ಲಿ ವಿಂಡೋಸ್ 10 ಇರುವವು ಎಷ್ಟು? ಶಾಖೆಗಳ ರೂಟರ್ ಯಾವ ಕಂಪನಿಯದ್ದು, ಅದರೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಯಾವ ವರ್ಷದ್ದು? ಇವಕ್ಕೆ ಉತ್ತರ ಥಟ್ಟಂತ ಬರದಿದ್ದರೆ ಟೆಕ್ ಸುದ್ದಿ ಓದುವುದರಿಂದ ಭಯ ಬಿಟ್ಟು ಬೇರೇನೂ ಸಿಗುವುದಿಲ್ಲ. ಯಾವ ಸುದ್ದಿ ನಮ್ಮದು, ಯಾವುದು ಅಲ್ಲ ಅಂತ ತಾಳೆ ನೋಡಲು ಕೈಯಲ್ಲಿ ಏನೂ ಇರುವುದಿಲ್ಲವಲ್ಲ. ಮಲ್ಪೆಯ ಬೋಟಿನವರು ಬಂಗಾಳ ಕೊಲ್ಲಿಯ ಚಂಡಮಾರುತದ ಸುದ್ದಿಯನ್ನೂ ಕೇಳುತ್ತಾರೆ. ಆದರೆ ಬೋಟು ದಡಕ್ಕೆ ತರುವುದು ಅರಬ್ಬಿ ಸಮುದ್ರದ ಎಚ್ಚರಿಕೆ ಬಂದಾಗ. ನಮಗೂ ಅಷ್ಟು ಲೆಕ್ಕ ಬೇಕು.

ಹಾಗಾಗಿ ನಾನು ಹೇಳುವ ಮೊದಲ ಟೂಲ್ ಒಂದು ಎಕ್ಸೆಲ್ ಶೀಟ್. ನಗಬೇಡಿ ಮಾರಾಯ್ರೆ. ಒಂದು ಸಾಲಿಗೆ ಒಂದು ಯಂತ್ರ. ಎಲ್ಲಿದೆ, ಯಾರು ಬಳಸುತ್ತಾರೆ, ಯಾವ ಆಪರೇಟಿಂಗ್ ಸಿಸ್ಟಮ್, ಯಾವ ಆವೃತ್ತಿ, ಕಂಪನಿಯ ಬೆಂಬಲ ಯಾವತ್ತಿಗೆ ಮುಗಿಯುತ್ತದೆ, ಇಂಟರ್ನೆಟ್ಟಿಗೆ ನೇರವಾಗಿ ತೆರೆದುಕೊಂಡಿದೆಯೋ ಇಲ್ಲವೋ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ಸರ್ವರ್, ಕಂಪ್ಯೂಟರ್ ಎಲ್ಲರಿಗೂ ನೆನಪಿರುತ್ತವೆ. ಮರೆತು ಹೋಗುವುದು ಸಿಸಿಟಿವಿ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆ, ಹಾಜರಿಯ ಬೆರಳಚ್ಚು ಯಂತ್ರ, ವೈಫೈ ಪ್ರಿಂಟರ್. ಪಿಗ್ಮಿ ಸಂಗ್ರಹ ಮಾಡುವವರ ಕೈಯಲ್ಲಿರುವ ಮಿಷನ್ ಅಥವಾ ಮೊಬೈಲ್ ಕೂಡ ಪಟ್ಟಿಗೆ ಬರಬೇಕು. (ಪಿಗ್ಮಿ ಠೇವಣಿ ಶುರುವಾಗಿದ್ದೇ ನಿಮ್ಮ ಕಡೆ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಿಂದ. ಆಗ ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕಿತ್ತು. ಪ್ಯಾಚ್ ಮಾಡುವ ತಾಪತ್ರಯ ಇರಲಿಲ್ಲ.)

ಡಿವಿಆರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮನೆಯಲ್ಲಿ ಕೂತು ಮೊಬೈಲಲ್ಲಿ ಕ್ಯಾಮೆರಾ ನೋಡಬೇಕು ಅಂತ ಆಡಳಿತ ಮಂಡಳಿಯವರೊಬ್ಬರು ಕೇಳಿರುತ್ತಾರೆ. ಕ್ಯಾಮೆರಾ ಹಾಕಲು ಬಂದ ಹುಡುಗ ರೂಟರಿನಲ್ಲಿ ಒಂದು ಪೋರ್ಟ್ (ಇಂಟರ್ನೆಟ್ಟಿನಿಂದ ಒಳಬರುವ ದಾರಿ) ತೆರೆದಿಟ್ಟು, ಚಾ ಕುಡಿದು ಹೋಗಿರುತ್ತಾನೆ. ಪಾಸ್‌ವರ್ಡ್ ಕಂಪನಿ ಕೊಟ್ಟದ್ದೇ. ಆ ಡಿವಿಆರ್ ಇರುವುದು ನಿಮ್ಮ ಸರ್ವರ್ ಇರುವ ನೆಟ್‌ವರ್ಕಿನಲ್ಲೇ. ಸರ್ವರಿಗೆ ಎಷ್ಟು ಬೀಗ ಹಾಕಿದರೂ ಹಿತ್ತಲ ಬಾಗಿಲು ತೆರೆದೇ ಇರುತ್ತದೆ. ನೆಟ್‌ವರ್ಕಿನಲ್ಲಿ ಯಾವ ಯಂತ್ರಗಳಿವೆ ಅಂತ ಹುಡುಕುವ ಎನ್‌ಮ್ಯಾಪ್ ಅಂತ ಒಂದು ಟೂಲ್ ಇದೆ, 1997ರಿಂದಲೂ ಇದೆ. ಮ್ಯಾನೇಜರ ಒಪ್ಪಿಗೆ ಪಡೆದು ನಿಮ್ಮ ನೆಟ್‌ವರ್ಕಿನ ಮೇಲೆ ಒಮ್ಮೆ ಓಡಿಸಿ. ಪಟ್ಟಿಯಲ್ಲಿ ಇಲ್ಲದ ಯಂತ್ರಗಳು ಸಿಗುತ್ತವೆ. ಸಿಗದಿದ್ದರೆ ನನಗೇ ಆಶ್ಚರ್ಯ.

ಪಟ್ಟಿ ಕೈಯಲ್ಲಿದ್ದರೆ ಸುದ್ದಿ ಹೇಗೆ ಬೇರೆ ಕಾಣುತ್ತದೆ ನೋಡಿ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಗಲಾಟೆ ಶುರುವಾಯಿತು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗುವ ಟೂಲ್) ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಅಂತ ಬೆನ್ನು ಹತ್ತಿದರು. ಹೋಗಿ ತಲುಪಿದ್ದು ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ಒಂದು ಸಣ್ಣ ಲೈಬ್ರರಿಗೆ. ‘ಜಿಯಾ ಟಾನ್’ ಅನ್ನುವ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ಒಳ್ಳೆಯ ಕೆಲಸ ಮಾಡಿಕೊಟ್ಟು, ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಇಟ್ಟಿದ್ದರು. ತೀವ್ರತೆಯ ಅಂಕ 10ಕ್ಕೆ 10. ಎಲ್ಲ ಕಡೆ ಅದೇ ಸುದ್ದಿ. ಆದರೆ ಆ ಆವೃತ್ತಿಗಳು ಇನ್ನೂ ಸೇರಿದ್ದು ಡೆಬಿಯನ್‌ನ ಟೆಸ್ಟಿಂಗ್, ಫೆಡೋರಾದ ಬೀಟಾ ಮುಂತಾದ, ಇನ್ನೂ ಪರೀಕ್ಷೆಯಲ್ಲಿದ್ದ ಮುಂಚೂಣಿ ಲಿನಕ್ಸ್ ಆವೃತ್ತಿಗಳಿಗೆ ಮಾತ್ರ. ಡೆಬಿಯನ್ 12, ಉಬುಂಟು 22.04, ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಬಳಸುವ ಸಣ್ಣ ಕಚೇರಿಗೆ ಅದು ಒಂದು ಕಮಾಂಡ್ ಕೊಟ್ಟು ಆವೃತ್ತಿ ನೋಡಿ ಮುಗಿಸುವ ಕೆಲಸ. ಓದಲು ಮಾತ್ರ ಪತ್ತೇದಾರಿ ಕತೆಗಿಂತ ರುಚಿ. ರಜೆಯಲ್ಲಿ ಓದಿ.

ಇದಕ್ಕೆ ಪೂರ್ತಿ ಉಲ್ಟಾ ವಾನಾಕ್ರೈ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಪ್ಯಾಚ್ ಬಿಟ್ಟಿತು. ಕಚೇರಿಗಳಲ್ಲಿ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಪ್ರತಿ ತಿಂಗಳು ಬರುವ ಪ್ಯಾಚುಗಳಲ್ಲಿ ಒಂದು ಅಷ್ಟೇ. ಮೇ 12ಕ್ಕೆ ಅದೇ ದೋಷ ಹಿಡಿದುಕೊಂಡು ವಾನಾಕ್ರೈ ಅನ್ನುವ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಂ) ಜಗತ್ತು ಸುತ್ತಿತು. ಎರಡು ತಿಂಗಳ ಪುರುಸೊತ್ತು ಇತ್ತು. ಅಬ್ಬರದ ಸುದ್ದಿ ಬಂದ ದಿನ ಓಡಿದವರಿಗಿಂತ, ಸದ್ದಿಲ್ಲದೆ ಪ್ರತಿ ತಿಂಗಳು ಪ್ಯಾಚ್ ಹಾಕಿದವರು ಸುಖವಾಗಿ ನಿದ್ದೆ ಮಾಡಿದರು.

ಮೈಕ್ರೋಸಾಫ್ಟಿನ ಪ್ಯಾಚ್ ಬರುವುದು ತಿಂಗಳ ಎರಡನೇ ಮಂಗಳವಾರ. ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆ, ಹನ್ನೊಂದೂವರೆ ಹೊತ್ತಿಗೆ. ಬುಧವಾರ ನಿಮ್ಮ ಸ್ವಂತ ಕಂಪ್ಯೂಟರಿಗೆ ಮತ್ತು ಒಂದು ಸಣ್ಣ ಶಾಖೆಗೆ ಹಾಕಿ. ಎರಡು ದಿನ ನೋಡಿ. ಪಾಸ್‌ಬುಕ್ ಪ್ರಿಂಟರ್ ನಡೆಯುತ್ತಿದೆಯಾ ಅಂತ ಮೊದಲು ನೋಡಿ, ವಿಂಡೋಸ್ ಅಪ್‌ಡೇಟಿಗೆ ಪ್ರಿಂಟರ್ ಮೇಲೆ ಯಾವತ್ತೂ ಒಂದು ಕಣ್ಣು. ಸರಿ ಇದ್ದರೆ ವಾರಾಂತ್ಯಕ್ಕೆ ಉಳಿದವಕ್ಕೆ. ಇಂಟರ್ನೆಟ್ಟಿಗೆ ತೆರೆದ ಯಂತ್ರ, ಅದರಲ್ಲೂ ಫೈರ್‌ವಾಲ್ ಮತ್ತು ವಿಪಿಎನ್ ಪೆಟ್ಟಿಗೆ, ಇವಕ್ಕೆ ಮಾತ್ರ ಕಾಯಬೇಡಿ.

10ಕ್ಕೆ 9.8 ಅಂತ ಬರುವ ಅಂಕ ದೋಷ ಎಷ್ಟು ದೊಡ್ಡದು ಅಂತ ಹೇಳುತ್ತದೆ. ಅದು ನಿಮ್ಮಲ್ಲಿ ಇದೆಯೇ, ಅದನ್ನು ಯಾರಾದರೂ ಈಗಾಗಲೇ ದುರ್ಬಳಕೆ ಮಾಡುತ್ತಿದ್ದಾರೆಯೇ ಅನ್ನುವುದನ್ನು ಹೇಳುವುದಿಲ್ಲ. ಎರಡನೆಯದಕ್ಕೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ 2021ರ ನವೆಂಬರಿನಿಂದ ಒಂದು ಪಟ್ಟಿ ಇಟ್ಟಿದೆ. ನಿಜವಾಗಿ ದಾಳಿಗೆ ಬಳಕೆಯಾದ ದೋಷಗಳು ಮಾತ್ರ ಅದರಲ್ಲಿ ಸೇರುತ್ತವೆ. ಉಚಿತ, ಯಾರು ಬೇಕಾದರೂ ನೋಡಬಹುದು. ಇದರ ಜೊತೆ ನಮ್ಮ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸುವ ಸೂಚನೆಗಳು, ನೀವು ಬಳಸುವ ಲಿನಕ್ಸ್ ಮತ್ತು ಫೈರ್‌ವಾಲ್ ಕಂಪನಿಯ ಭದ್ರತಾ ಮೇಲ್. ಇಷ್ಟನ್ನು ನಿಮ್ಮ ಶೀಟಿನ ಪಕ್ಕ ಇಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ನೋಡಿದರೆ ಸಾಕು. ಬೆಳಿಗ್ಗೆ ಬನ್ಸ್ ತಿನ್ನುವಾಗ ಮೊಬೈಲಿನಲ್ಲಿ ಓದುವುದೆಲ್ಲ ಮನರಂಜನೆ. ತಪ್ಪಲ್ಲ, ನಾನೂ ಓದುತ್ತೇನೆ.

ನಿಮ್ಮ ಪಟ್ಟಿಯಲ್ಲಿ ಯಂತ್ರಗಳಷ್ಟೇ ಇದ್ದರೆ ಸಾಲದು ಅನ್ನುವುದಕ್ಕೆ ನಿಮ್ಮದೇ ಕ್ಷೇತ್ರದ ಒಂದು ಸುದ್ದಿ ಇದೆ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರಾನ್ಸಮ್‌ವೇರ್ ದಾಳಿ ಆಯಿತು. ಸೋಂಕು ಹರಡದಿರಲಿ ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಸಿ-ಎಡ್ಜ್‌ನವರ ಸಂಪರ್ಕವನ್ನು ತಾತ್ಕಾಲಿಕವಾಗಿ ಕತ್ತರಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಡೆಯಲಿಲ್ಲ. ಆ ಬ್ಯಾಂಕುಗಳ ಸ್ವಂತ ಸರ್ವರಿಗೆ ಏನೂ ಆಗಿರಲಿಲ್ಲ. ಹಾಗಾಗಿ ನಿಮ್ಮ ಶೀಟಿನಲ್ಲಿ ಇನ್ನೊಂದು ಪುಟ ಮಾಡಿ: ಲೆಕ್ಕದ ಸಾಫ್ಟ್‌ವೇರ್ ಯಾರದ್ದು, ಡೇಟಾ ಎಲ್ಲಿದೆ, ಅವರು ನಿಮ್ಮ ಸರ್ವರಿಗೆ ಯಾವ ದಾರಿಯಲ್ಲಿ ಬರುತ್ತಾರೆ, ರಾತ್ರಿ ಹನ್ನೊಂದಕ್ಕೆ ಯಾರಿಗೆ ಫೋನ್ ಮಾಡಬೇಕು. ಸರ್ವರಿನಲ್ಲಿ ಎನಿಡೆಸ್ಕ್ (ದೂರದಿಂದ ಯಂತ್ರ ನಡೆಸುವ ಸಾಫ್ಟ್‌ವೇರ್) ಇಪ್ಪತ್ನಾಲ್ಕು ಗಂಟೆ ತೆರೆದಿಟ್ಟು ‘ಸರ್ವಿಸಿಗೆ ಬೇಕಾಗುತ್ತೆ ಸರ್’ ಅನ್ನುವವರು ಇದ್ದರೆ ಅದನ್ನು ನಿಲ್ಲಿಸಿ. ಬೇಕಾದಾಗ ಫೋನ್ ಮಾಡಲಿ, ನೀವು ತೆರೆದು ಕೊಡಿ, ಕೆಲಸ ಮುಗಿದ ಮೇಲೆ ಮುಚ್ಚಿ.

ಅದೇ ಜುಲೈ 19ರ, ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಅವಾಂತರ ನಿಮಗೆ ನೆನಪಿರಬಹುದು. ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರಲ್ಲ, ಅದೇ. ನಮ್ಮ ಸಮಯ ಬೆಳಿಗ್ಗೆ 9.39ಕ್ಕೆ ಕೆಟ್ಟ ಅಪ್‌ಡೇಟ್ ಹೊರಟಿತು, 10.57ಕ್ಕೆ ಅದನ್ನು ಹಿಂದಕ್ಕೆ ಪಡೆದರು. ಒಂದೂಕಾಲು ಗಂಟೆ ಚಿಲ್ಲರೆ. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಹೋಗಿದ್ದವು. ‘ಅಪ್‌ಡೇಟ್ ಒಂದು ಹೆಜ್ಜೆ ಹಿಂದೆ ಇರಲಿ’ ಅಂತ ಸೆಟ್ಟಿಂಗ್ ಇಟ್ಟಿದ್ದ ಜಾಣರ ಯಂತ್ರಗಳೂ ಬಿದ್ದವು. ಆ ಸೆಟ್ಟಿಂಗ್ ಅನ್ವಯವಾಗುತ್ತಿದ್ದುದು ಮುಖ್ಯ ಸಾಫ್ಟ್‌ವೇರಿಗೆ. ಬಿದ್ದದ್ದು ಜೊತೆಯಲ್ಲಿ ಬರುವ ಸಣ್ಣ ಡೇಟಾ ಫೈಲಿನಿಂದ.

ಸರಿಪಡಿಸುವುದು ಕಷ್ಟದ ವಿದ್ಯೆಯಲ್ಲ. ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಬೇಕು, ಮತ್ತೆ ಬೂಟ್ ಮಾಡಬೇಕು. ಆದರೆ ಯಂತ್ರವೇ ಏಳದಿರುವಾಗ ದೂರದಿಂದ ಆಗುವುದಿಲ್ಲ, ಒಂದೊಂದರ ಮುಂದೆಯೂ ಹೋಗಿ ಕೂರಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಕೈಯಾರೆ ಹೊಡೆಯಬೇಕು. ಆ ಕೀಗಳನ್ನು ಇಟ್ಟಿದ್ದ ಸರ್ವರೂ ನೀಲಿ ಪರದೆಯಲ್ಲೇ ಇದ್ದರೆ? ಕೆಲವರಿಗೆ ಆದದ್ದು ಅದೇ. ನೀವು ಕ್ರೌಡ್‌ಸ್ಟ್ರೈಕ್ ಬಳಸದೇ ಇರಬಹುದು, ಈ ಸುದ್ದಿಯಲ್ಲಿ ನಿಮಗೆ ಬೇಕಾದದ್ದು ಈ ಒಂದು ಸಂಗತಿ. ಕೀಗಳನ್ನು ಪ್ರಿಂಟ್ ತೆಗೆದು ಲಕೋಟೆಯಲ್ಲಿ ಹಾಕಿ ಸಂಸ್ಥೆಯ ಸೇಫಿನಲ್ಲಿಡಿ. ಚಿನ್ನ ಅಡವು ಇಡುವ ಸಂಸ್ಥೆಗೆ ಸೇಫಿಗೆ ಬರವೇ?

ಇನ್ನು ಕೆಲವು ಸುದ್ದಿಗಳಿಗೆ ಸದ್ದೇ ಇರುವುದಿಲ್ಲ, ಆದರೆ ತಾರೀಕು ಇರುತ್ತದೆ. ಇವನ್ನು ಕ್ಯಾಲೆಂಡರಿಗೆ ಹಾಕಿಕೊಳ್ಳಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಚೇರಿಗಳು ದುಡ್ಡು ಕೊಟ್ಟು ಮೂರು ವರ್ಷದವರೆಗೆ ಮುಂದುವರಿಸಬಹುದು. ಮೊದಲ ವರ್ಷಕ್ಕೆ ಪ್ರತಿ ಯಂತ್ರಕ್ಕೆ 61 ಡಾಲರ್, ಆಮೇಲೆ ವರ್ಷವರ್ಷಕ್ಕೆ ದುಪ್ಪಟ್ಟು. ಹಳೇ ಯಂತ್ರಕ್ಕೆ ಅಷ್ಟು ಸುರಿಯುವ ಬದಲು ಹೊಸದು ಕೊಳ್ಳುವ ಲೆಕ್ಕವನ್ನು ನಿಮ್ಮ ಅಕೌಂಟೆಂಟೇ ಮಾಡಿಕೊಡುತ್ತಾರೆ. ಸರ್ವರುಗಳಲ್ಲಿ ಬಳಸುವ ಸೆಂಟ್‌ಓಎಸ್ 7 ಲಿನಕ್ಸಿನ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ. ಎರಡು ಸರ್ವರಿನಲ್ಲಿ ಒಂದಾದರೂ ಅದೇ ಇರಬಹುದು ಅಂತ ನನ್ನ ಊಹೆ. ಆಲ್ಮಾ ಅಥವಾ ರಾಕಿ ಲಿನಕ್ಸಿಗೆ ಹೋಗಿ.

ವೆಬ್‌ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೂ ತಾರೀಕು ಬಂದಿದೆ. ಮೊದಲು ಗರಿಷ್ಠ 398 ದಿನ ಸಿಗುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಆದ ತೀರ್ಮಾನದಂತೆ 2026ರ ಮಾರ್ಚ್ 15ರಿಂದ 200 ದಿನ, ಮರುವರ್ಷ ಅದೇ ತಾರೀಕಿನಿಂದ 100, 2029ರ ಮಾರ್ಚ್ 15ರಿಂದ ಬರೀ 47. ವರ್ಷಕ್ಕೊಮ್ಮೆ ಕೈಯಾರೆ ಹಾಕುವ ಅಭ್ಯಾಸ ಇನ್ನು ನಡೆಯುವುದಿಲ್ಲ. ಸರ್ಟ್‌ಬಾಟ್ ಅನ್ನುವ ಟೂಲ್ ಹಾಕಿ ತಾನಾಗಿಯೇ ಹೊಸದಾಗುವಂತೆ ಮಾಡಿ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರು ‘ಅವಧಿ ಮುಗಿಯುತ್ತಿದೆ’ ಅಂತ ಕಳಿಸುತ್ತಿದ್ದ ಮೇಲ್ 2025ರ ಜೂನ್‌ನಲ್ಲೇ ನಿಲ್ಲಿಸಿದ್ದಾರೆ, ಅದನ್ನೂ ನಂಬಿ ಕೂರಬೇಡಿ.

ಟೂಲ್ ವಿಷಯಕ್ಕೆ ಬರುತ್ತೇನೆ. ನೀವು ಕಲಿಯಬೇಕಾದ ಟೂಲುಗಳಲ್ಲಿ ಹೆಚ್ಚಿನವಕ್ಕೆ ನಿಮ್ಮಷ್ಟೇ ವಯಸ್ಸಾಗಿರುತ್ತದೆ. ಎಸ್‌ಎಸ್‌ಎಚ್ 1995ರದ್ದು, ಫೈಲ್ ನಕಲಿಸುವ ಆರ್‌ಸಿಂಕ್ 1996ರದ್ದು. ಲಾಗ್ (ಯಂತ್ರ ತಾನೇ ಬರೆದಿಡುವ ದಿನಚರಿ) ಓದಲು ಜರ್ನಲ್‌ಸಿಟಿಎಲ್. ಶಾಖೆಯ ನೆಟ್ ಕಡಿದರೂ ಕೆಲಸ ನಡುವೆ ನಿಲ್ಲದಿರಲು ಟಿಮಕ್ಸ್. ಬದಲಾಯಿಸಿದ ಕಾನ್ಫಿಗ್ (ಸೆಟ್ಟಿಂಗ್) ಫೈಲಿನ ಹಿಂದಿನ ರೂಪ ಸಿಗಲು ಗಿಟ್. ಯಾವ ಶಾಖೆಯ ಲೈನ್ ಬಿದ್ದಿದೆ ಅಂತ ಮ್ಯಾನೇಜರು ಫೋನ್ ಮಾಡುವ ಮೊದಲೇ ನಿಮಗೆ ಗೊತ್ತಾಗಲು ಅಪ್‌ಟೈಮ್ ಕುಮಾ. ಇದೊಂದು ಹೊಸದು, ಹಾಕಲು ಸುಲಭ. ಎರಡು ಸರ್ವರಿಗೆ ಕುಬರ್ನೆಟಿಸ್ (ದೊಡ್ಡ ಸಂಖ್ಯೆಯ ಸರ್ವರುಗಳನ್ನು ನಿಭಾಯಿಸುವ ವ್ಯವಸ್ಥೆ) ಹಾಕಿ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ನಿರಿ. ಅದು ಬೇಕಾದವರಿಗೆ ಬೇಕು, ನಿಮಗೆ ಬೇಡ. ಬೆಂಗಳೂರಲ್ಲಿ ಕೆಲಸ ಹುಡುಕುವ ಯೋಚನೆ ಇದ್ದರೆ ಮನೆಯ ಲ್ಯಾಪ್‌ಟಾಪಿನಲ್ಲಿ ಕಲಿಯಿರಿ, ಸಂಸ್ಥೆಯ ಸರ್ವರಿನಲ್ಲಿ ಅಲ್ಲ.

ಬ್ಯಾಕಪ್‌ಗೆ ರೆಸ್ಟಿಕ್ ಅಥವಾ ಬೋರ್ಗ್, ಯಾವುದಾದರೂ ನಡೆಯುತ್ತದೆ. ಟೂಲಿಗಿಂತ ಮುಖ್ಯವಾದದ್ದು ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಆದದ್ದು. ರಾತ್ರಿ ಸುಸ್ತಾಗಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರಿನಲ್ಲಿ ಅಳಿಸಬೇಕಿದ್ದ ಫೋಲ್ಡರನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಪರವಾಗಿಲ್ಲ, ಬ್ಯಾಕಪ್ ಇದೆಯಲ್ಲ ಅಂತ ಹೋಗಿ ನೋಡಿದರೆ ಬ್ಯಾಕಪ್ ಇರಬೇಕಾದ ಜಾಗ ಖಾಲಿ. ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಡೇಟಾಬೇಸಿಗಿಂತ ಹಳೇ ಆವೃತ್ತಿಯದ್ದಾಗಿತ್ತು, ಹಾಗಾಗಿ ಪ್ರತಿ ಸಲವೂ ಸೋಲುತ್ತಿತ್ತು. ‘ಸೋತಿದೆ’ ಅಂತ ಮೇಲ್ ಬರಬೇಕಿತ್ತಲ್ಲ? ಮೇಲ್ ಹೋಗುತ್ತಿತ್ತು. ಆದರೆ ಅದಕ್ಕೆ ಸರಿಯಾದ ಸಹಿ ಇರಲಿಲ್ಲ ಅಂತ ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಕಾಪಾಡಿದ್ದು ಆರು ಗಂಟೆ ಮೊದಲು ಬೇರೆ ಯಾವುದೋ ಕೆಲಸಕ್ಕೆ ಕೈಯಾರೆ ತೆಗೆದಿದ್ದ ಒಂದು ನಕಲು. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿದರು. ಟೆಕ್ ಸುದ್ದಿಯಲ್ಲಿ ನಾನು ಹುಡುಕಿಕೊಂಡು ಓದುವುದು ಇಂಥ ವರದಿಗಳನ್ನೇ. ಘಟನೆ ಆದ ದಿನದ ತಲೆಬರಹದಲ್ಲಿ ಏನೂ ಇರುವುದಿಲ್ಲ, ಎರಡು ವಾರ ಬಿಟ್ಟು ಬರುವ ವರದಿಯಲ್ಲಿ ಎಲ್ಲ ಇರುತ್ತದೆ.

ನಿಮ್ಮ ಬ್ಯಾಕಪ್ ಸೋತರೆ ಮೇಲ್ ಯಾರಿಗೆ ಹೋಗುತ್ತದೆ? ಮೂರು ವರ್ಷದ ಹಿಂದೆ ಕೆಲಸ ಬಿಟ್ಟವರ ವಿಳಾಸಕ್ಕಲ್ಲ ತಾನೆ? ನೋಡಿ. ಆಮೇಲೆ ಹಳೇ ಕಂಪ್ಯೂಟರ್ ಒಂದರಲ್ಲಿ ಕಳೆದ ವಾರದ ಬ್ಯಾಕಪ್ ಬಿಚ್ಚಿ. ಲೆಕ್ಕದ ಸಾಫ್ಟ್‌ವೇರ್ ತೆರೆಯಬೇಕು, ಒಂದು ಖಾತೆಯ ಬಾಕಿ ಮುಖ್ಯ ಸರ್ವರಿನ ಆ ದಿನದ ಬಾಕಿಗೆ ಸರಿಹೊಂದಬೇಕು. ಫೈಲ್ ಸೈಜ್ ದೊಡ್ಡದಿದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಒಂದು ಪ್ರತಿ ನೆಟ್‌ವರ್ಕಿಗೆ ತಾಗದ ಹಾಗೆ, ಬೇರೆ ಕಟ್ಟಡದಲ್ಲಿ ಇರಲಿ. ರಾನ್ಸಮ್‌ವೇರ್ ಮೊದಲು ಹುಡುಕುವುದು ಬ್ಯಾಕಪ್ಪನ್ನೇ.

ಎಐ ಬಗ್ಗೆ ಕೇಳಿದ್ದೀರಿ. ನಾನೂ ಬಳಸುತ್ತೇನೆ. ಅರ್ಥವಾಗದ ಲಾಗ್ ಸಾಲು, ತಲೆ ತಿನ್ನುವ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ), ಸಣ್ಣ ಸ್ಕ್ರಿಪ್ಟ್, ಇದಕ್ಕೆಲ್ಲ ಒಳ್ಳೆಯ ಸಹಾಯ. ಆದರೆ ಇಲ್ಲದ ಆಯ್ಕೆಯನ್ನು ಇದೆ ಅಂತ ಧೈರ್ಯವಾಗಿ ಹೇಳುವ ಗುಣ ಅದಕ್ಕಿದೆ. ಇಂಟರ್ನೆಟ್ಟಿನಿಂದ ಡೇಟಾ ತರುವ ಕರ್ಲ್ ಟೂಲ್ ನಡೆಸುವ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಎಐ ಬರೆದ ಸುಳ್ಳು ದೋಷ ವರದಿಗಳನ್ನು ಓದಿ ಓದಿ ಸಾಕಾಗಿ ಹೋಗಿದೆ. 2025ರ ಜುಲೈನಲ್ಲಿ, ಪ್ರೋಗ್ರಾಂ ಬರೆದುಕೊಡುವ ರೆಪ್ಲಿಟ್ ತಾಣದ ಎಐ ಏಜೆಂಟ್, ಏನೂ ಬದಲಾಯಿಸಬೇಡ ಅಂತ ಹೇಳಿದ್ದರೂ ಬಳಕೆದಾರರೊಬ್ಬರ ಡೇಟಾಬೇಸನ್ನೇ ಅಳಿಸಿ ಹಾಕಿತು. ಹಾಗಾಗಿ ಕಮಾಂಡ್ ಬರೆಯಲಿ, ಎಂಟರ್ ಒತ್ತುವುದು ನೀವು, ಅದೂ ಓದಿ ಅರ್ಥ ಮಾಡಿಕೊಂಡ ಮೇಲೆ. ಸದಸ್ಯರ ಹೆಸರು, ಖಾತೆ ನಂಬರ್, ಪಾಸ್‌ವರ್ಡ್ ಇರುವ ಕಾನ್ಫಿಗ್ ಅದರೊಳಗೆ ಅಂಟಿಸಬೇಡಿ. ಕೆಲಸ ಹೋಗುತ್ತದೆಯೇ ಅಂದರೆ, ಶಾಖೆಯಲ್ಲಿ ಇಲಿ ಕಡಿದ ಕೇಬಲ್ ಹುಡುಕಲು ಮಂಚದಂಥ ಕೌಂಟರಿನ ಅಡಿಗೆ ನುಗ್ಗುವ ಎಐ ಇನ್ನೂ ಬಂದಿಲ್ಲ. ಬರೀ ಪಾಸ್‌ವರ್ಡ್ ರೀಸೆಟ್ ಮಾಡಿಕೊಂಡು ದಿನ ಕಳೆಯುವವರು ಮಾತ್ರ ಸ್ವಲ್ಪ ಯೋಚಿಸಬೇಕು.

ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಓದಿದ್ದೀರಾ? ಸೈಬರ್ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್ 180 ದಿನ ಇಡಬೇಕು, ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸಬೇಕು. ಕೊನೆಯದನ್ನು ಇವತ್ತೇ ಮಾಡಿ. ಡಿವಿಆರ್ ಒಂದು ಸಮಯ, ಸರ್ವರ್ ಇನ್ನೊಂದು ಸಮಯ ತೋರಿಸಿದರೆ ಮುಂದೆ ಯಾವ ತನಿಖೆಗೂ ಅರ್ಥ ಇರುವುದಿಲ್ಲ.

ಯಾವ ಟೆಕ್ ಸುದ್ದಿಯಲ್ಲೂ ಬಾರದ, ಆದರೆ ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸರ್ವರ್ ಕೊಂದ ವಿಷಯ ಬಾಕಿ ಇದೆ. ಮಂಗಳೂರು, ಉಡುಪಿ ಎರಡೂ ಕಡೆ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಕಡಲ ಹತ್ತಿರದ ಶಾಖೆಗಳಲ್ಲಿ ಉಪ್ಪಿನ ಗಾಳಿ. ‘ಕಂಪ್ಯೂಟರ್ ಆನ್ ಆಗ್ತಾ ಇಲ್ಲ, ಬೀಪ್ ಬೀಪ್ ಅಂತಿದೆ’ ಅಂತ ಜುಲೈಯಲ್ಲಿ ಫೋನ್ ಬಂದರೆ ಮದರ್‌ಬೋರ್ಡ್ ಹೋಯಿತು ಅಂತ ಬರೆದುಕೊಡಬೇಡಿ. ರ‍್ಯಾಮ್ ಹೊರಗೆ ತೆಗೆದು, ಬಂಗಾರದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಹೆಚ್ಚಿನವು ಅಷ್ಟಕ್ಕೇ ಏಳುತ್ತವೆ. ಸರ್ವರ್ ಕೋಣೆಯ ಎಸಿಯನ್ನು ಸಂಜೆ ಆರಕ್ಕೆ ಆಫ್ ಮಾಡಿ ಹೋಗುವ ಪದ್ಧತಿ ಇದ್ದರೆ ಅದನ್ನೂ ಬಿಡಿಸಿ. ತಣ್ಣಗಿದ್ದ ಯಂತ್ರದ ಮೇಲೆ ರಾತ್ರಿಯ ತೇವದ ಗಾಳಿ ಬಂದು ಕೂರುತ್ತದೆ. ಯುಪಿಎಸ್ ಬ್ಯಾಟರಿ ಸೆಕೆಗೆ ಬೇಗ ಸಾಯುತ್ತದೆ. ಹಾಕಿದ ತಾರೀಕನ್ನು ಮಾರ್ಕರಿನಲ್ಲಿ ಬ್ಯಾಟರಿ ಮೇಲೆಯೇ ಬರೆಯಿರಿ.

ಮತ್ತೆ ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿದರೆ ಕರೆಂಟ್ ಪ್ಲಗ್ ಎಳೆಯುವುದು ಎಲ್ಲರಿಗೂ ಗೊತ್ತು. ನೆಟ್‌ವರ್ಕ್ ಕೇಬಲ್ ಎಳೆಯಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಹಳೇ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಮಾಡಿನ ಮೇಲೆ ಎಳೆದ ತಾಮ್ರದ ಕೇಬಲ್ ಇದ್ದರೆ, ಸಿಡಿಲು ಎಲ್ಲೋ ಹತ್ತಿರ ಹೊಡೆದರೂ ಎರಡೂ ಕಡೆಯ ಸ್ವಿಚ್ ಹೋಗುತ್ತದೆ. ಅದರ ಜಾಗಕ್ಕೆ ಫೈಬರ್ ಹಾಕಿಸಿ, ಅದರೊಳಗೆ ಕರೆಂಟ್ ಹರಿಯುವುದಿಲ್ಲ. ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲನ್ನು ಫೈಬರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ಫೈಬರಿಗೆ ಆಗುವ ಖರ್ಚು ಒಂದು ಒಳ್ಳೆಯ ಸ್ವಿಚ್ಚಿನ ಬೆಲೆ ದಾಟುವುದಿಲ್ಲ. ಕೊಟೇಶನ್ ತರಿಸಿ ಫೆಬ್ರವರಿಯ ಮೀಟಿಂಗಿಗೇ ಇಡಿ. ಮೇ ತಿಂಗಳಲ್ಲಿ ಕೇಳಿದರೆ ‘ಮಳೆ ಮುಗಿಯಲಿ, ನೋಡುವ’ ಅಂತಾರೆ.